ನ್ಯೂಜಿಲೆಂಡಿನಲ್ಲಿ ಎಲ್ಲಾ ಯಾಕಿಷ್ಟು ದುಬಾರಿ? ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಫೋನ್ ಮಾಡುವ ಚಿಕ್ಕಪ್ಪ, ವೀಸಾಕ್ಕೆ ಅರ್ಜಿ ಹಾಕಿ ಕಾಯುತ್ತಿರುವ ತಂಗಿಯ ಗೆಳತಿ, ಆಕ್ಲೆಂಡಿಗೆ ಬಂದಿಳಿದು ಮೊದಲ ವಾರದ ಬಾಡಿಗೆ ಕಟ್ಟಿ ಗಾಬರಿಯಾದ ಹುಡುಗ, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಡಾಲರ್ ಎಂದ ಕಡೆಯೆಲ್ಲ ನ್ಯೂಜಿಲೆಂಡ್ ಡಾಲರ್ ಎಂದೇ ಓದಿಕೊಳ್ಳಿ. 2025ರಲ್ಲಿ ಅದು 50 ರೂಪಾಯಿಯ ಆಸುಪಾಸಿನಲ್ಲಿತ್ತು. ಇಲ್ಲಿರುವ ಅಂಕಿಗಳು 2025ರ ಕೊನೆಯವರೆಗಿನವು.

ಹಸುಗಳೇ ತುಂಬಿರುವ ದೇಶದಲ್ಲಿ ಬೆಣ್ಣೆ ಯಾಕೆ ಅಷ್ಟು ದುಬಾರಿ?

ಎಲ್ಲರೂ ಮೊದಲು ಕೇಳುವುದೇ ಇದನ್ನು. 2025ರ ಜೂನ್‌ನಲ್ಲಿ ಅರ್ಧ ಕೆಜಿ ಬೆಣ್ಣೆಯ ಸರಾಸರಿ ಬೆಲೆ 8.60 ಡಾಲರ್ ಇತ್ತು. ಒಂದೇ ವರ್ಷದಲ್ಲಿ ಶೇ 46ಕ್ಕಿಂತ ಜಾಸ್ತಿ ಏರಿತ್ತು. ಇಲ್ಲಿನ ನಮ್ಮವರು ಉಪ್ಪಿಲ್ಲದ ಬೆಣ್ಣೆ ತಂದು ಮನೆಯಲ್ಲೇ ತುಪ್ಪ ಕಾಯಿಸುತ್ತಾರೆ. ಅರ್ಧ ಕೆಜಿ ಬೆಣ್ಣೆ ಕಾಯಿಸಿ, ನೀರಿನಂಶ ಹೋಗಿ, ತಳದಲ್ಲಿ ಗಸಿ ಕೂತ ಮೇಲೆ ಬಾಟಲಿಗೆ ಬೀಳುವುದು ಸುಮಾರು ನಾಲ್ಕುನೂರು ಗ್ರಾಂ ತುಪ್ಪ. ಹಬ್ಬಕ್ಕೆ ಮೈಸೂರು ಪಾಕ್ ಮಾಡಲು ಹೊರಟವರು ಲೆಕ್ಕ ಹಾಕಿ ಕೊಬ್ಬರಿ ಮಿಠಾಯಿಗೆ ಇಳಿದದ್ದು ಉಂಟು.

ಕಾರಣ ಏನೆಂದರೆ, ಇಲ್ಲಿನ ಹಾಲು ಇಲ್ಲಿನವರಿಗಾಗಿ ಕರೆದದ್ದಲ್ಲ. ಸುಮಾರು ಶೇ 95ರಷ್ಟು ಹೈನು ಉತ್ಪನ್ನ ಹೊರದೇಶಕ್ಕೆ ಹೋಗುತ್ತದೆ. ಶಾಂಘೈನ ಕೊಳ್ಳುವವನು ಏನು ಕೊಡುತ್ತಾನೋ ಅದೇ ಆಕ್ಲೆಂಡಿನವನ ದರವೂ ಆಗುತ್ತದೆ. ಫಾಂಟೆರಾ ಎಂಬುದು 2001ರಲ್ಲಿ ಆದ ರೈತರ ಸಹಕಾರಿ ಸಂಸ್ಥೆ. ಅದರ ಮಾಲೀಕರು ಹೈನುಗಾರರೇ. ಸಹಕಾರಿ ಎಂದ ಮಾತ್ರಕ್ಕೆ ನಂದಿನಿ ಥರ ಎಂದುಕೊಳ್ಳಬೇಡಿ. ಕೆಎಂಎಫ್ ಹಾಲು ಹೆಚ್ಚಾಗಿ ಕರ್ನಾಟಕದೊಳಗೇ ಮಾರಾಟವಾಗುತ್ತದೆ, ದರ ಏರಿಸಲು ಸರ್ಕಾರ ಹೂಂ ಅನ್ನಬೇಕು, ಜೊತೆಗೆ ರೈತರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಉಂಟು. ಇಲ್ಲಿ ಅಂಥದ್ದೇನೂ ಇಲ್ಲ. ಪ್ರಪಂಚದ ಬೆಲೆ ಏರಿದರೆ ಹೈನುಗಾರಿಕೆಯ ಸೀಮೆಯಾದ ವೈಕಾಟೊದ ರೈತ ಖುಷಿಪಡುತ್ತಾನೆ, ಪೇಟೆಯವರು ಬೈದುಕೊಳ್ಳುತ್ತಾರೆ.

ಬೆಣ್ಣೆ ಏರಿದ್ದು ದೇಶಕ್ಕೆ ಲಾಭವೇ ಎಂಬ ಮಾತು ಸುಳ್ಳಲ್ಲ. ಹೊರಗಿನಿಂದ ಡಾಲರ್ ಬಂತು. ಆದರೆ ಅದು ಬಂದ ಜೇಬು ಬೇರೆ, ಖಾಲಿಯಾದ ಜೇಬು ಬೇರೆ.

ಬೆಲೆ ಏರಿಕೆ ಕಡಿಮೆಯಾಗಿದೆ ಅಂತಾರೆ. ಹಾಗಾದರೆ ಬೆಲೆ ಯಾಕೆ ಇಳಿದಿಲ್ಲ?

ಇಳಿದದ್ದು ಏರುವ ವೇಗ. ಏರಿದ ಬೆಲೆ ಏರಿದಲ್ಲೇ ಕೂತಿದೆ. ಒಂದು ಲೆಕ್ಕ ಹಾಕೋಣ. 2021ರ ನಡುವೆ 100 ಡಾಲರಿಗೆ ಬರುತ್ತಿದ್ದ ಸಾಮಾನು ಇದೆ ಎಂದುಕೊಳ್ಳಿ. 2022ರ ಜೂನ್‌ಗೆ ಹಣದುಬ್ಬರ ಶೇ 7.3. ಅದೇ ಶಿಖರ. 2023ರ ಜೂನ್‌ಗೆ ಶೇ 6, 2024ರ ಜೂನ್‌ಗೆ ಶೇ 3.3, 2025ರ ಜೂನ್‌ಗೆ ಶೇ 2.7. ಒಂದರ ಮೇಲೊಂದು ಕೂಡಿಸಿದರೆ ಅದೇ ಸಾಮಾನಿಗೆ ಈಗ 120 ಡಾಲರಿಗೂ ಮೇಲೆ. ಟಿವಿಯಲ್ಲಿ 'ಹಣದುಬ್ಬರ ಹಿಡಿತಕ್ಕೆ ಬಂದಿದೆ' ಎಂದು ಹೇಳಿದ್ದು ನಿಜ. ನಿಮ್ಮ ಬಿಲ್ ಹಗುರಾಗಿಲ್ಲ ಅನ್ನುವುದೂ ನಿಜ.

ಈ 20 ಡಾಲರ್ ಅಂತರ ತುಂಬಲು ಒಂದೇ ದಾರಿ, ಸಂಬಳ ಅದಕ್ಕಿಂತ ವೇಗವಾಗಿ ಏರಬೇಕು. ಸಂಬಳ ಹಾಗೆ ಏರಿ ನಿಲ್ಲಬೇಕಾದರೆ ಒಂದು ಗಂಟೆಯ ಕೆಲಸದಿಂದ ಹುಟ್ಟುವ ಸಂಪತ್ತು ಏರಬೇಕು. ಈ ದೇಶ ಎಡವಿರುವುದು ಅಲ್ಲೇ. ಬೆಣ್ಣೆ, ಪೆಟ್ರೋಲಿನ ಬಗ್ಗೆ ನಡೆಯುವ ಜಗಳದಲ್ಲಿ ಈ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ಮುಂದೆ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸರ್ಕಾರದ ಲೆಕ್ಕಕ್ಕೂ ನಮ್ಮ ಮನೆ ಲೆಕ್ಕಕ್ಕೂ ಯಾಕೆ ತಾಳೆ ಆಗುವುದಿಲ್ಲ?

ಹಣದುಬ್ಬರ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಸಾಲದ ಬಡ್ಡಿ ಸೇರುವುದಿಲ್ಲ. ಸಾಲ ಮಾಡಿ ಮನೆ ಕೊಂಡವರಿಗೆ ಬಡ್ಡಿಯೇ ದೊಡ್ಡ ಖರ್ಚು. ಇಲ್ಲಿನ ಅಂಕಿಅಂಶ ಇಲಾಖೆ ಬಡ್ಡಿಯನ್ನೂ ಸೇರಿಸಿ ಮನೆಗಳ ಜೀವನ ವೆಚ್ಚದ ಇನ್ನೊಂದು ಸೂಚ್ಯಂಕ ಪ್ರಕಟಿಸುತ್ತದೆ. 2023ರ ಡಿಸೆಂಬರ್‌ಗೆ ಕೊನೆಗೊಂಡ ವರ್ಷದಲ್ಲಿ ಮೊದಲನೆಯದು ಶೇ 4.7 ಎಂದರೆ ಎರಡನೆಯದು ಶೇ 7 ಎಂದಿತು.

ಇಲ್ಲಿ ಗೃಹಸಾಲದ ಬಡ್ಡಿಯನ್ನು ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಮಾತ್ರ ನಿಗದಿ ಮಾಡುತ್ತಾರೆ. 2021ರಲ್ಲಿ ಶೇ 2.5ರ ಸುತ್ತಮುತ್ತ ಸಾಲ ತಗೊಂಡವರು ಅವಧಿ ಮುಗಿದಾಗ ಶೇ 7 ನೋಡಿದರು. 6 ಲಕ್ಷ ಡಾಲರ್ ಸಾಲ, 30 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 2,370 ಡಾಲರಿನಿಂದ 3,990ಕ್ಕೆ ಹಾರುತ್ತದೆ. ತಿಂಗಳಿಗೆ 1,600 ಡಾಲರ್ ಜಾಸ್ತಿ. ಅದರ ಮುಂದೆ ಬೆಣ್ಣೆಯ ಸಿಟ್ಟು ಏನೂ ಅಲ್ಲ.

ಈ ಬಡ್ಡಿ ಏರಿಸಿದ್ದು ಯಾರು?

ರಿಸರ್ವ್ ಬ್ಯಾಂಕ್ ಆಫ್ ನ್ಯೂಜಿಲೆಂಡ್. ಕೋವಿಡ್ ಬಂದಾಗ ಮೂಲ ಬಡ್ಡಿ ದರವನ್ನು ಶೇ 0.25ಕ್ಕೆ ಇಳಿಸಿತ್ತು. 2021ರ ಅಕ್ಟೋಬರ್‌ನಿಂದ ಏರಿಸಲು ಶುರುಮಾಡಿ 2023ರ ಮೇನಲ್ಲಿ ಶೇ 5.5ಕ್ಕೆ ತಂದಿತು. 2024ರ ಆಗಸ್ಟ್‌ನಿಂದ ಮತ್ತೆ ಇಳಿಸುತ್ತಾ 2025ರ ನವೆಂಬರ್‌ನಲ್ಲಿ ಶೇ 2.25ಕ್ಕೆ ತಂದಿತು.

ಕುತೂಹಲದ ವಿಷಯ ಒಂದಿದೆ. ಹಣದುಬ್ಬರಕ್ಕೆ ಇಂತಿಷ್ಟೇ ಎಂದು ಗುರಿ ಕಟ್ಟಿ ಬ್ಯಾಂಕನ್ನು ಅದಕ್ಕೆ ಹೊಣೆ ಮಾಡುವ ಪದ್ಧತಿ ಮೊದಲು ಬಂದದ್ದು ಈ ಪುಟ್ಟ ದೇಶದಲ್ಲಿ, 1989ರ ಕಾಯ್ದೆಯ ಮೂಲಕ. ಇಲ್ಲಿನ ಗುರಿ ಶೇ 1ರಿಂದ 3. ಆಮೇಲೆ ಪ್ರಪಂಚವೇ ಅದನ್ನು ಹಿಡಿಯಿತು. ಭಾರತ 2016ರಲ್ಲಿ ಶೇ 4, ಎರಡು ಆಚೆ ಎರಡು ಈಚೆ ಎಂದು ಒಪ್ಪಿಕೊಂಡಿತು. ಬೆಲೆ ಹಿಡಿಯುವುದನ್ನು ಊರಿಗೆಲ್ಲ ಕಲಿಸಿದ ದೇಶಕ್ಕೆ ಉತ್ಪಾದಕತೆ ಏರಿಸುವುದು ಮಾತ್ರ ಒಲಿಯಲಿಲ್ಲ.

ಸೂಪರ್‌ಮಾರ್ಕೆಟ್‌ನವರು ಲೂಟಿ ಮಾಡ್ತಿದ್ದಾರಾ?

ಲೂಟಿ ಎಂಬ ಮಾತು ನನ್ನದಲ್ಲ. ಆದರೆ ಸ್ಪರ್ಧೆ ಕಡಿಮೆ ಅನ್ನುವುದು ಅಧಿಕೃತವಾಗಿ ಒಪ್ಪಿದ ವಿಷಯ. ದೇಶದ ದಿನಸಿ ವ್ಯಾಪಾರ ಎರಡು ಗುಂಪುಗಳ ಕೈಯಲ್ಲಿದೆ. ಒಂದು ಫುಡ್‌ಸ್ಟಫ್ಸ್, ಅಂದರೆ ಪ್ಯಾಕ್‌ಎನ್‌ಸೇವ್, ನ್ಯೂ ವರ್ಲ್ಡ್, ಫೋರ್ ಸ್ಕ್ವೇರ್ ಅಂಗಡಿಗಳು. ಇನ್ನೊಂದು ವೂಲ್‌ವರ್ತ್ಸ್, ಹಳಬರ ಬಾಯಲ್ಲಿ ಇನ್ನೂ ಕೌಂಟ್‌ಡೌನ್. ಸ್ಪರ್ಧೆಯ ಮೇಲೆ ಕಣ್ಣಿಡುವ ವಾಣಿಜ್ಯ ಆಯೋಗ 2022ರ ಮಾರ್ಚ್‌ನಲ್ಲಿ ವರದಿ ಕೊಟ್ಟು, ಇವರ ಲಾಭ ಇರಬೇಕಾದ್ದಕ್ಕಿಂತ ವರ್ಷಕ್ಕೆ ಸುಮಾರು 43 ಕೋಟಿ ಡಾಲರ್ ಜಾಸ್ತಿ ಎಂದಿತು. ದಿನಕ್ಕೆ 10 ಲಕ್ಷ ಡಾಲರಿಗೂ ಮೇಲಾಯಿತು. 2023ರಲ್ಲಿ ದಿನಸಿಗೆಂದೇ ಒಬ್ಬ ಆಯುಕ್ತರು ಬಂದರು. 2024ರ ಅಕ್ಟೋಬರ್‌ನಲ್ಲಿ ಫುಡ್‌ಸ್ಟಫ್ಸ್‌ನ ಉತ್ತರ, ದಕ್ಷಿಣ ದ್ವೀಪದ ಎರಡು ಸಂಸ್ಥೆಗಳು ಒಂದಾಗಲು ಕೇಳಿದಾಗ ಆಯೋಗ ಒಪ್ಪಲಿಲ್ಲ.

ಆ 43 ಕೋಟಿಯನ್ನು 53 ಲಕ್ಷ ಜನರಿಂದ ಭಾಗಿಸಿ ನೋಡಿ. ತಲೆಗೆ ವರ್ಷಕ್ಕೆ 80 ಡಾಲರ್ ಚಿಲ್ಲರೆ. ಸಣ್ಣದಲ್ಲ, ಆದರೆ ಇಡೀ ಕಥೆಯೂ ಅಲ್ಲ. ಸೂಪರ್‌ಮಾರ್ಕೆಟ್ ಒಂದನ್ನೇ ಬೈಯುವುದು ಸುಲಭ, ಅದಕ್ಕೇ ಎಲ್ಲರೂ ಬೈಯುತ್ತಾರೆ.

ಅಂದಹಾಗೆ, ಕೊತ್ತಂಬರಿ, ಮೆಂತ್ಯ, ತೊಗರಿಬೇಳೆ, ಸೋನಾ ಮಸೂರಿಗೆ ನಮ್ಮವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯ ಭಾರತೀಯ ಅಂಗಡಿಗಳು ಇದ್ದೇ ಇವೆ.

ತರಕಾರಿಗೂ ಜಿಎಸ್‌ಟಿ ಇದೆಯಂತೆ, ನಿಜವಾ?

ನಿಜ. ತರಕಾರಿ, ಹಾಲು, ಅಕ್ಕಿ, ಎಲ್ಲಕ್ಕೂ ಶೇ 15. 1986ರಲ್ಲಿ ಶೇ 10ಕ್ಕೆ ಶುರುವಾಗಿ 2010ರಲ್ಲಿ 15ಕ್ಕೆ ಬಂತು. ಮೇಲೆ ಹೇಳಿದ 8.60 ಡಾಲರ್ ಬೆಣ್ಣೆಯಲ್ಲಿ 1.12 ಡಾಲರ್ ತೆರಿಗೆಯೇ. ವಿನಾಯಿತಿ ಇಲ್ಲದ್ದರಿಂದ ಲೆಕ್ಕ ಸಲೀಸು, ಪರೋಟಾಗೆ ಎಷ್ಟು ಚಪಾತಿಗೆ ಎಷ್ಟು ಎಂಬ ಜಗಳವಿಲ್ಲ. ಬಡವರ ತಟ್ಟೆಗೆ ಮಾತ್ರ ಇದು ಭಾರವೇ.

ಕರೆಂಟ್ ಬಿಲ್ ಯಾಕೆ ಏರುತ್ತಿದೆ? ನೀರಿನಿಂದಲೇ ವಿದ್ಯುತ್ ಅಲ್ವಾ?

ಅರ್ಧಕ್ಕಿಂತ ಹೆಚ್ಚು ನೀರಿನಿಂದಲೇ. ಲಿಂಗನಮಕ್ಕಿ ತುಂಬದ ವರ್ಷ ನಮ್ಮಲ್ಲಿ ಏನಾಗುತ್ತದೆ ಗೊತ್ತಲ್ಲ, ಇಲ್ಲಿ ದಕ್ಷಿಣ ದ್ವೀಪದ ಸರೋವರಗಳಲ್ಲಿ ನೀರು ಕಡಿಮೆಯಾದರೂ ಅದೇ ಪಾಡು. 2024ರ ಚಳಿಗಾಲದಲ್ಲಿ ಮಳೆ ಕಡಿಮೆಯಾಯಿತು, ಸ್ವಂತ ಅನಿಲ ಬಾವಿಗಳೂ ಬತ್ತುತ್ತಾ ಬಂದವು. ಆಗಸ್ಟ್‌ನಲ್ಲಿ ಸಗಟು ದರ ಒಂದು ಮೆಗಾವಾಟ್ ಗಂಟೆಗೆ 800 ಡಾಲರ್ ದಾಟಿತು. ಒಂದು ಯೂನಿಟ್ಟಿಗೆ 80 ಸೆಂಟ್, ಸುಮಾರು 40 ರೂಪಾಯಿ. ಮನೆಗಳಿಗೆ ದರ ಮೊದಲೇ ನಿಗದಿಯಾಗಿರುವುದರಿಂದ ಅದು ಒಮ್ಮೆಲೇ ತಟ್ಟಲಿಲ್ಲ. ಕಾರ್ಖಾನೆಗಳಿಗೆ ತಟ್ಟಿತು. ಒಹಾಕುನೆ ಪಟ್ಟಣದ ಬಳಿ ಇದ್ದ ವಿನ್‌ಸ್ಟೋನ್ ಸಂಸ್ಥೆಯ ಕಾಗದದ ತಿರುಳಿನ ಕಾರ್ಖಾನೆ ಮತ್ತು ಮರ ಕೊಯ್ಯುವ ಮಿಲ್ ಅದೇ ವರ್ಷ ಬಾಗಿಲು ಹಾಕಿದವು. 230ರಷ್ಟು ಜನ ಕೆಲಸ ಕಳೆದುಕೊಂಡರು. ಸಾವಿರದಷ್ಟು ಜನ ಇರುವ ಊರಿನ ಪಕ್ಕದಲ್ಲಿ 230 ಕೆಲಸ ಅಂದರೆ ಎಷ್ಟು ಅಂತ ನೀವೇ ಯೋಚಿಸಿ.

ಹೀಗೆ ಮುಚ್ಚಿದ್ದು ಬರೀ ವಿದ್ಯುತ್ತಿನ ಕಥೆ ಅಲ್ಲ. ದೊಡ್ಡ ಯಂತ್ರ ಇಟ್ಟು ಹೊರದೇಶಕ್ಕೆ ಮಾರುವ ಉದ್ಯಮ ಇಲ್ಲಿ ಮೊದಲೇ ಕಡಿಮೆ, ಅದರಲ್ಲಿ ಇನ್ನೊಂದು ಹೋಯಿತು. ಉತ್ಪಾದಕತೆಯ ಲೆಕ್ಕದಲ್ಲಿ ಇದು ಸೀದಾ ನಷ್ಟ.

ಉತ್ಪಾದಕತೆ ಅಂದರೆ ಏನು? ಇಲ್ಲಿನವರು ಸೋಮಾರಿಗಳು ಅಂತಲಾ?

ಅಲ್ಲವೇ ಅಲ್ಲ. ಒಂದು ಗಂಟೆಯ ದುಡಿಮೆಯಿಂದ ಎಷ್ಟು ಬೆಲೆಬಾಳುವ ಸರಕು ಅಥವಾ ಸೇವೆ ಹುಟ್ಟುತ್ತದೆ ಎಂಬುದೇ ಉತ್ಪಾದಕತೆ. ಇಲ್ಲಿನ ಉತ್ಪಾದಕತಾ ಆಯೋಗ 2021ರಲ್ಲಿ ಕೊಟ್ಟ ಲೆಕ್ಕ ನೋಡಿ. ನ್ಯೂಜಿಲೆಂಡಿನವರು ವಾರಕ್ಕೆ 34.2 ಗಂಟೆ ದುಡಿದು ಗಂಟೆಗೆ 68 ಡಾಲರ್ ಹುಟ್ಟಿಸುತ್ತಾರೆ. ಉಳಿದ ಒಇಸಿಡಿ ದೇಶಗಳವರು, ಅಂದರೆ ಶ್ರೀಮಂತ ದೇಶಗಳ ಕೂಟದವರು, 31.9 ಗಂಟೆ ದುಡಿದು ಗಂಟೆಗೆ 85 ಡಾಲರ್. ಗುಣಿಸಿದರೆ ಇವರಿಗೆ ವಾರಕ್ಕೆ 2,326, ಅವರಿಗೆ 2,712. ಎರಡು ಗಂಟೆ ಜಾಸ್ತಿ ದುಡಿದೂ 386 ಡಾಲರ್ ಕಡಿಮೆ. ಸೋಮಾರಿತನದ ಪ್ರಶ್ನೆಯೇ ಬರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 1982ರಲ್ಲಿ ಈ ದೇಶದಲ್ಲಿ 7 ಕೋಟಿ ಕುರಿಗಳಿದ್ದವು. ಸರ್ಕಾರ ರೈತರಿಗೆ ಧಾರಾಳವಾಗಿ ಸಹಾಯಧನ ಕೊಡುತ್ತಿತ್ತು, ಕುರಿ ಹೆಚ್ಚಿದಷ್ಟೂ ದುಡ್ಡು. 1984ರಲ್ಲಿ ಡೇವಿಡ್ ಲಾಂಗಿ ಸರ್ಕಾರ ಬಂದು, ಹಣಕಾಸು ಸಚಿವ ರೋಜರ್ ಡಗ್ಲಸ್ ಅದನ್ನೆಲ್ಲ ಕತ್ತರಿಸಿದರು. ಈಗ ಕುರಿಗಳು ಎರಡೂವರೆ ಕೋಟಿಗಿಂತಲೂ ಕಡಿಮೆ. ಆದರೆ ಕುರಿಮರಿ ಮಾಂಸದ ಪ್ರಮಾಣ ಆ ಮಟ್ಟಕ್ಕೆ ಬೀಳಲೇ ಇಲ್ಲ. ತಳಿ ಸುಧಾರಿಸಿತು, ಮೇವು ಸುಧಾರಿಸಿತು, ಒಂದೊಂದು ಕುರಿ ಹೆಚ್ಚು ಮರಿ ಹಾಕಿತು, ಮರಿಗಳ ತೂಕ ಹೆಚ್ಚಿತು. ಕಡಿಮೆ ಕುರಿ, ಕಡಿಮೆ ಜಾಗ, ಹೆಚ್ಚುಕಡಿಮೆ ಅಷ್ಟೇ ಫಲ. ಉತ್ಪಾದಕತೆ ಏರುವುದು ಅಂದರೆ ಇದು.

ಟೆ ಪುಕೆ ಕಡೆಯ ಕಿವಿ ಹಣ್ಣಿನ ಪ್ಯಾಕಿಂಗ್ ಮನೆಗೆ ಹೋದರೂ ಇದೇ ಕಾಣುತ್ತದೆ. ಹಣ್ಣು ರೋಲರುಗಳ ಮೇಲೆ ಉರುಳುತ್ತಾ ಬರುತ್ತದೆ. ಮೇಲಿನ ಕ್ಯಾಮೆರಾ ಒಂದೊಂದರ ಸುತ್ತಲೂ ಫೋಟೊ ತೆಗೆಯುತ್ತದೆ. ಗೀರು ಬಿದ್ದದ್ದು ಒಂದು ಕಡೆ, ಗಾತ್ರ ನೋಡಿ ಉಳಿದದ್ದು ಬೇರೆ ಬೇರೆ ಟ್ರೇಗೆ ತಾನಾಗಿಯೇ ಬೀಳುತ್ತದೆ. 2010ರಲ್ಲಿ ಪಿಎಸ್‌ಎ ಎಂಬ ರೋಗ ಬಂದು ಬಂಗಾರ ಬಣ್ಣದ ತಳಿಯ ತೋಟಗಳು ಒಣಗಿದವು. ಅದರ ಬದಲು ರೋಗ ತಡೆಯಬಲ್ಲ ಹೊಸ ತಳಿ ಬಂತು. ಅದನ್ನು ಬೆಳೆಯುವ ಪರವಾನಗಿಯ ಹರಾಜು 2021ರ ಹೊತ್ತಿಗೆ ಹೆಕ್ಟೇರಿಗೆ 5 ಲಕ್ಷ ಡಾಲರ್ ದಾಟಿತ್ತು. ಭೂಮಿಗಲ್ಲ, ಬರೀ ಪರವಾನಗಿಗೆ! ಸಂಶೋಧನೆ ಮಾಡಿದರೆ ಎಷ್ಟು ಬೆಲೆ ಬರುತ್ತದೆ ಎಂದು ತಿಳಿಯಲು ಈ ದೇಶದವರು ಹೊರಗೆ ಹೋಗಿ ನೋಡಬೇಕಿಲ್ಲ.

ಹಾಗಿದ್ದರೆ ತೊಂದರೆ ಎಲ್ಲಿ?

ತೋಟ, ಹಟ್ಟಿಯ ಆಚೆ. ಹೆಚ್ಚಿನವರು ದುಡಿಯುವುದು ಅಂಗಡಿ, ಕಟ್ಟಡ ಕೆಲಸ, ಕಚೇರಿ, ಹೋಟೆಲು, ಆಸ್ಪತ್ರೆಗಳಲ್ಲಿ. ಒಂದೊಂದಾಗಿ ನೋಡಿದರೆ ಕಾರಣಗಳು ಹಲವು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು ಮನೆ.

ಮನೆ ಕೊಂಡು ಕೆಲವು ವರ್ಷ ಇಟ್ಟು ಮಾರಿದರೆ ಬರುವ ಲಾಭಕ್ಕೆ ಇಲ್ಲಿ ಬಹುಮಟ್ಟಿಗೆ ತೆರಿಗೆ ಇಲ್ಲ. ಎಲ್ಲ ಆಸ್ತಿಗೂ ಅನ್ವಯಿಸುವ ಬಂಡವಾಳ ಲಾಭ ತೆರಿಗೆ ತರುವ ಮಾತು ಮತ್ತೆ ಮತ್ತೆ ಬಂತು, 2019ರಲ್ಲಿ ಪ್ರಧಾನಿ ಜಸಿಂಡಾ ಆರ್ಡರ್ನ್ ತಮ್ಮ ಕಾಲದಲ್ಲಿ ಅದು ಇಲ್ಲ ಎಂದೇ ಹೇಳಿಬಿಟ್ಟರು. ಬ್ಯಾಂಕುಗಳಿಗೂ ಮನೆ ಸಾಲವೇ ಅಚ್ಚುಮೆಚ್ಚು. ಹೀಗಾಗಿ ಕೈಯಲ್ಲಿ ನಾಲ್ಕು ಕಾಸು ಸೇರಿದವರು ಲೇತ್ ಮೆಷಿನ್ ಕೊಳ್ಳುವ ಬದಲು ಎರಡನೇ ಮನೆ ಕೊಂಡರು. 2021ರ ಕೊನೆಗೆ ದೇಶದಲ್ಲಿ ಮನೆಗಳ ಮಧ್ಯಮ ಬೆಲೆ (ಅರ್ಧ ಮನೆಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ) 9 ಲಕ್ಷ ಡಾಲರ್ ದಾಟಿತು. ಮನೆ ಅದೇ, ಗೋಡೆ ಅದೇ, ಬೆಲೆ ಮಾತ್ರ ದುಪ್ಪಟ್ಟು. ಅದರಿಂದ ಒಂದು ಗಂಟೆಯ ಕೆಲಸದ ಫಲ ಒಂದು ಪೈಸೆಯೂ ಏರುವುದಿಲ್ಲ. ಆ ಮನೆಗಳಾದರೂ ಹೇಗಿವೆ? 1978ಕ್ಕೆ ಮುಂಚೆ ಕಟ್ಟಿದವಕ್ಕೆ ಚಳಿ ತಡೆಯುವ ಪದರ ಹಾಕಬೇಕೆಂಬ ನಿಯಮವೇ ಇರಲಿಲ್ಲ. ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಬೆಳಿಗ್ಗೆ ಎದ್ದು ಕಿಟಕಿ ಗಾಜಿನ ಒಳಮೈಯ ನೀರು ಒರೆಸುವುದು ಇಲ್ಲಿ ಎಷ್ಟೋ ಮನೆಗಳ ನಿತ್ಯದ ಕೆಲಸ.

ಮಿಕ್ಕ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ದೂರ: ಹತ್ತಿರದ ದೊಡ್ಡ ನಗರ ಸಿಡ್ನಿಗೇ ವಿಮಾನದಲ್ಲಿ ಮೂರು ಗಂಟೆಗೂ ಮೇಲೆ. ಸಣ್ಣ ಮಾರುಕಟ್ಟೆ: ಇಡೀ ದೇಶದ ಜನ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ, ದುಬಾರಿ ಯಂತ್ರ ಇಟ್ಟರೆ ಅದಕ್ಕೆ ತಕ್ಕಷ್ಟು ಗಿರಾಕಿ ಇಲ್ಲ. ಸಂಶೋಧನೆಗೆ ಖರ್ಚು ಜಿಡಿಪಿಯ ಶೇ 1.5ರ ಆಸುಪಾಸು, ಒಇಸಿಡಿ ಸರಾಸರಿಗಿಂತ ಬಹಳ ಹಿಂದೆ. ಸ್ಪರ್ಧೆ ಕಡಿಮೆ: ದಿನಸಿ ಎರಡು ಗುಂಪು, ದೊಡ್ಡ ಬ್ಯಾಂಕ್ ನಾಲ್ಕು, ನಾಲ್ಕೂ ಆಸ್ಟ್ರೇಲಿಯಾದವರದು. ಬೆನ್ನ ಹಿಂದೆ ಯಾರೂ ಓಡಿ ಬರದಿದ್ದರೆ ಹೊಸ ಯಂತ್ರಕ್ಕೆ ದುಡ್ಡು ಹಾಕುವ ಅವಸರ ಯಾರಿಗಿರುತ್ತದೆ?

ಚಿಕ್ಕ ದೇಶ ಆದ ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ?

ಅಷ್ಟಕ್ಕೇ ಬಿಡುವ ಹಾಗಿಲ್ಲ. ಡೆನ್ಮಾರ್ಕ್‌ನ ಜನಸಂಖ್ಯೆ ಸುಮಾರು 60 ಲಕ್ಷ, ಅಲ್ಲೂ ಹಾಲು, ಹಂದಿ ಸಾಕಣೆಯೇ ಹಳೆಯ ಕಸುಬು. ಅವರು ವರ್ಷಕ್ಕೆ ದುಡಿಯುವ ಗಂಟೆ ಇವರಿಗಿಂತ ಬಹಳ ಕಡಿಮೆ, ಗಳಿಕೆ ಬಹಳ ಜಾಸ್ತಿ. ಆದರೆ ಡೆನ್ಮಾರ್ಕ್ ಇರುವುದು ಜರ್ಮನಿಯ ಮಗ್ಗುಲಲ್ಲಿ. ಬೆಳಿಗ್ಗೆ ಲಾರಿ ಹೊರಟರೆ ಸಂಜೆಗೆ ಕೋಟಿಗಟ್ಟಲೆ ಗಿರಾಕಿಗಳು. ಇಲ್ಲಿಂದ ಹಡಗು ಹೊರಟರೆ ವಾರಗಟ್ಟಲೆ. ಚಿಕ್ಕದಾಗಿರುವುದಕ್ಕಿಂತ ಚಿಕ್ಕದಾಗಿ ದೂರ ಇರುವುದೇ ಇಲ್ಲಿನ ಸಂಕಟ.

ಇದಕ್ಕೆ ಮದ್ದು ತೂಕವಿಲ್ಲದ, ಅಥವಾ ತೂಕಕ್ಕೆ ಹೋಲಿಸಿದರೆ ಬೆಲೆ ಜಾಸ್ತಿ ಇರುವ ವಸ್ತು ಮಾರುವುದು. ಫಿಶರ್ ಆಂಡ್ ಪೇಕೆಲ್ ಹೆಲ್ತ್‌ಕೇರ್‌ನ ಉಸಿರಾಟದ ಉಪಕರಣಗಳು ಆಕ್ಲೆಂಡಿನವು. ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಝೀರೊ ವೆಲಿಂಗ್ಟನ್ನಿನಲ್ಲಿ ಹುಟ್ಟಿತು. ಪೀಟರ್ ಬೆಕ್ 2006ರಲ್ಲಿ ಶುರುಮಾಡಿದ ರಾಕೆಟ್ ಲ್ಯಾಬ್ ಮಾಹಿಯಾ ಪರ್ಯಾಯದ್ವೀಪದಿಂದ ಉಪಗ್ರಹ ಹಾರಿಸುತ್ತದೆ. ಜಾಣರಿಗೆ ಕೊರತೆ ಇಲ್ಲ. ಆದರೆ ಝೀರೊದ ಷೇರು ಈಗ ಆಸ್ಟ್ರೇಲಿಯಾದ ಪೇಟೆಯಲ್ಲಿ ಮಾತ್ರ, ರಾಕೆಟ್ ಲ್ಯಾಬ್‌ನ ಮುಖ್ಯ ಕಚೇರಿ ಅಮೆರಿಕದಲ್ಲಿ.

ಹಿಂದೆ ಇದು ತುಂಬಾ ಶ್ರೀಮಂತ ದೇಶ ಆಗಿತ್ತಂತೆ?

ಹೌದು. 1950ರ ದಶಕದಲ್ಲಿ ತಲಾ ಆದಾಯದಲ್ಲಿ ಪ್ರಪಂಚದ ಮೇಲಿನ ಸಾಲಿನಲ್ಲಿತ್ತು. 1882ರಲ್ಲಿ ಡುನೆಡಿನ್ ಎಂಬ ಹಡಗು ಮಾಂಸವನ್ನು ಮಂಜುಗಟ್ಟಿಸಿ ಇಂಗ್ಲೆಂಡಿಗೆ ಮುಟ್ಟಿಸಿದ ಮೇಲೆ ಬ್ರಿಟನ್ನಿನ ಅಡುಗೆಮನೆಯೇ ಇವರ ಮಾರುಕಟ್ಟೆ. ರಫ್ತಿನ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತಿದ್ದ ಕಾಲವಿತ್ತು. 1973ರ ಜನವರಿಯಲ್ಲಿ ಬ್ರಿಟನ್ ಯುರೋಪಿನ ಕೂಟಕ್ಕೆ ಸೇರಿತು. ಅದೇ ವರ್ಷ ತೈಲ ಬೆಲೆಯೂ ಸಿಡಿಯಿತು. ಎರಡೂ ಪೆಟ್ಟು ಒಟ್ಟಿಗೆ ಬಿದ್ದವು.

ಸರ್ಕಾರ ಬೆಲೆಗಳನ್ನೇ ಕಟ್ಟಿಹಾಕಬಾರದೇ?

ಹಾಕಿ ನೋಡಿದ್ದಾಯಿತು. 1982ರಲ್ಲಿ ಪ್ರಧಾನಿ ರಾಬರ್ಟ್ ಮುಲ್ಡೂನ್ ಸಂಬಳ, ಬೆಲೆ ಎರಡನ್ನೂ ಏರಿಸಕೂಡದು ಎಂದು ಆಜ್ಞೆ ಮಾಡಿದರು. ಎರಡು ವರ್ಷ ನಡೆಯಿತು. ಅದನ್ನು ತೆಗೆದ ಮೇಲೆ ಬೆಲೆ ಮತ್ತೆ ಚಿಮ್ಮಿ 1987ರಲ್ಲಿ ಹಣದುಬ್ಬರ ಶೇ 18.9 ಮುಟ್ಟಿತು. ಅದಕ್ಕೆ ಜಿಎಸ್‌ಟಿಯೂ ಸೇರಿ ಬೇರೆ ಕಾರಣಗಳಿದ್ದವು. ಏನೇ ಆದರೂ ಈಗ ಆ ದಾರಿ ಹಿಡಿಯುವ ಧೈರ್ಯ ಯಾವ ದೊಡ್ಡ ಪಕ್ಷಕ್ಕೂ ಇಲ್ಲ.

ವಲಸೆ ಬಂದವರಿಂದಲೇ ಹೀಗಾಯಿತು ಅಂತಾರಲ್ಲ?

ಈ ಪ್ರಶ್ನೆಗೆ ನಾವು ಸಿಟ್ಟಾಗದೆ ಉತ್ತರಿಸಬೇಕು, ಯಾಕೆಂದರೆ ಅದರಲ್ಲಿ ಸ್ವಲ್ಪ ಹುರುಳಿದೆ. 2023ರ ಕೊನೆ ಹೊತ್ತಿಗೆ ಬಂದವರಲ್ಲಿ ಹೋದವರನ್ನು ಕಳೆದರೆ ವರ್ಷಕ್ಕೆ 1.3 ಲಕ್ಷ ಜನ ಹೆಚ್ಚಾಗಿದ್ದರು. ಅಷ್ಟು ಜನಕ್ಕೆ ಮನೆ, ಬಸ್ಸು, ಆಸ್ಪತ್ರೆ ಒಂದೇ ಸಲ ಎಲ್ಲಿಂದ ಬರಬೇಕು? ಬಾಡಿಗೆ ಏರಿತು. ಕೆಲಸಗಾರರು ಸುಲಭವಾಗಿ ಸಿಕ್ಕಾಗ ಯಂತ್ರ ಕೊಳ್ಳುವ ಯೋಚನೆಯನ್ನು ಮಾಲೀಕರು ಮುಂದಕ್ಕೆ ಹಾಕುತ್ತಾರೆ ಅನ್ನುವುದನ್ನೂ ತಳ್ಳಿಹಾಕಲಾಗದು.

ಇನ್ನೊಂದು ಬದಿಯೂ ಉಂಟು. 2023ರ ಜನಗಣತಿಯಲ್ಲಿ ಭಾರತೀಯರು 2.9 ಲಕ್ಷ ದಾಟಿ ದೇಶದ ಮೂರನೇ ದೊಡ್ಡ ಸಮುದಾಯವಾದರು. ಆಸ್ಪತ್ರೆ, ವೃದ್ಧಾಶ್ರಮ, ಡೇರಿ, ಐಟಿ, ಎಲ್ಲಿ ನೋಡಿದರೂ ನಮ್ಮವರಿದ್ದಾರೆ. ಆದರೆ ಬಂದವರನ್ನು ಹೇಗೆ ಬಳಸಿಕೊಂಡರು? ಹುಬ್ಬಳ್ಳಿಯಲ್ಲಿ ಸೇತುವೆ ಕಟ್ಟಿದ ಸಿವಿಲ್ ಎಂಜಿನಿಯರ್ 'ಸ್ಥಳೀಯ ಅನುಭವ ಇಲ್ಲ' ಎನ್ನಿಸಿಕೊಂಡು ಟ್ಯಾಕ್ಸಿ ಓಡಿಸಿದರೆ ಅದು ಅವನೊಬ್ಬನ ನಷ್ಟವಲ್ಲ. ದೇಶದ ಗಂಟೆಯ ಗಳಿಕೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ. ನನಗೆ ಗೊತ್ತಿರುವವರಲ್ಲೇ ಹೀಗೆ ಕಾದು ಕಾದು ಸಿಡ್ನಿಗೆ ಹೋದವರಿದ್ದಾರೆ.

ಎಲ್ಲರೂ ಆಸ್ಟ್ರೇಲಿಯಾಕ್ಕೆ ಓಡುತ್ತಿದ್ದಾರಂತೆ?

ಎಲ್ಲರೂ ಅಲ್ಲ, ಆದರೆ ಜಾಸ್ತಿ ಜನ. 2024ರ ಒಂದೇ ವರ್ಷದಲ್ಲಿ ವಾಪಸ್ ಬಂದ ನ್ಯೂಜಿಲೆಂಡ್ ಪ್ರಜೆಗಳಿಗಿಂತ ದೇಶ ಬಿಟ್ಟ ಪ್ರಜೆಗಳು 40 ಸಾವಿರಕ್ಕೂ ಹೆಚ್ಚು. 1973ರಿಂದಲೂ ಇಲ್ಲಿನ ಪ್ರಜೆಗಳು ಆಸ್ಟ್ರೇಲಿಯಾದಲ್ಲಿ ಇದ್ದು ದುಡಿಯಲು ಮುಂಚೆಯೇ ವೀಸಾಕ್ಕೆ ಅರ್ಜಿ ಹಾಕಬೇಕಿಲ್ಲ. ನರ್ಸು, ಪೊಲೀಸು, ಎಲೆಕ್ಟ್ರಿಷಿಯನ್, ಅದೇ ಕೆಲಸಕ್ಕೆ ಅಲ್ಲಿ ಸಂಬಳ ಜಾಸ್ತಿ. ಅಲ್ಲಿ ಗಣಿಗಳಿವೆ, ಒಬ್ಬೊಬ್ಬ ಕೆಲಸಗಾರನ ಹಿಂದೆ ಇರುವ ಯಂತ್ರ, ಬಂಡವಾಳ ಜಾಸ್ತಿ. ಉತ್ಪಾದಕತೆಯ ಅಂತರ ಕಣ್ಣಿಗೆ ಕಾಣಬೇಕೆಂದರೆ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಬ್ರಿಸ್ಬೇನ್ ವಿಮಾನದ ಸಾಲು ನೋಡಿದರೆ ಸಾಕು.

2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 23.50 ಡಾಲರ್ ಇತ್ತು. ರೂಪಾಯಿಯಲ್ಲಿ ಅದು ಭಾರೀ ಮೊತ್ತ ಅಲ್ವಾ?

ಚಿಕ್ಕಪ್ಪನ ಪ್ರಶ್ನೆ! ಗಂಟೆಗೆ ಸಾವಿರದ ಇನ್ನೂರು ರೂಪಾಯಿ ಹತ್ತಿರ ಆಗುತ್ತದೆ, ಸರಿ. ವಾರಕ್ಕೆ 40 ಗಂಟೆ ಅಂದರೆ ತೆರಿಗೆಗೆ ಮುಂಚೆ 940 ಡಾಲರ್. ಆಕ್ಲೆಂಡಿನಲ್ಲಿ ಒಂದು ಸಾಧಾರಣ ಮನೆಯ ಬಾಡಿಗೆ ವಾರಕ್ಕೆ 650 ಡಾಲರ್ ಆಸುಪಾಸು. ಗಮನಿಸಿ, ತಿಂಗಳಿಗಲ್ಲ, ವಾರಕ್ಕೆ. ಇಬ್ಬರೂ ದುಡಿಯದೆ ಸಂಸಾರ ನಡೆಯದು. ಒಂಟಿಯಾಗಿ ಬಂದವರು ಒಂದು ರೂಮು ಹಿಡಿದು ಇರುತ್ತಾರೆ. ಗಳಿಕೆಯನ್ನು 50ರಿಂದ ಗುಣಿಸುವವರು ಖರ್ಚನ್ನೂ ಗುಣಿಸಬೇಕು.

ಸರ್ಕಾರ ಏನೂ ಮಾಡುತ್ತಿಲ್ಲವೇ?

ಮಾಡುತ್ತಿದೆ. 2023ರ ನವೆಂಬರ್‌ನಲ್ಲಿ ಬಂದ ಕ್ರಿಸ್ಟೊಫರ್ ಲಕ್ಸನ್ ಸರ್ಕಾರ 2024ರ ಜುಲೈ ಕೊನೆಗೆ ಆದಾಯ ತೆರಿಗೆಯ ಹಂತಗಳನ್ನು ಸಡಿಲಿಸಿತು. 2025ರ ಬಜೆಟ್‌ನಲ್ಲಿ ಹೊಸ ಯಂತ್ರ, ಉಪಕರಣ ಕೊಂಡ ಉದ್ಯಮಗಳು ಬೆಲೆಯ ಶೇ 20ನ್ನು ಅದೇ ವರ್ಷ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು ಎಂದಿತು. ಇದು ಸರಿಯಾದ ಕಡೆ ಇಟ್ಟ ಹೆಜ್ಜೆ ಎಂದು ನನಗನ್ನಿಸುತ್ತದೆ. ಆದರೆ ಇದೇ ಸರ್ಕಾರ 2011ರಿಂದ ಇದ್ದ ಉತ್ಪಾದಕತಾ ಆಯೋಗವನ್ನು 2024ರ ಫೆಬ್ರುವರಿ 29ಕ್ಕೆ ಮುಚ್ಚಿತು. ಮೇಲಿನ 34.2 ಗಂಟೆಯ ಲೆಕ್ಕ ಕೊಟ್ಟದ್ದು ಅದೇ ಆಯೋಗ.

ಮನೆಗಳ ವಿಷಯದಲ್ಲಿ ಆಕ್ಲೆಂಡ್ 2016ರಲ್ಲೇ ಒಂದು ಒಳ್ಳೆಯ ಕೆಲಸ ಮಾಡಿತು. ಒಂದು ಮನೆ ಇದ್ದ ಜಾಗದಲ್ಲಿ ಮೂರ್ನಾಲ್ಕು ಮನೆ ಕಟ್ಟಲು ನಗರ ಯೋಜನೆಯಲ್ಲೇ ಅವಕಾಶ ಕೊಟ್ಟಿತು. ಆಮೇಲೆ ಕಟ್ಟಡ ಪರವಾನಗಿಗಳು ಎದ್ದು ಕಾಣುವಷ್ಟು ಏರಿದವು. ಅಕ್ಕಪಕ್ಕದವರು ಗೊಣಗಿದರು, ಮನೆಗಳು ಎದ್ದವು.

ಭಾರತದ ಜೊತೆ ವ್ಯಾಪಾರ ಒಪ್ಪಂದ ಆದರೆ ನಂದಿನಿಗೆ ಪೆಟ್ಟು ಬೀಳುತ್ತಾ?

2019ರ ಆರ್‌ಸಿಇಪಿ, ಅಂದರೆ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದ ಗಲಾಟೆ ನೆನಪಿರಬಹುದು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಕೆಟ್ಟೆವು ಎಂದು ಕರ್ನಾಟಕದ ಹಾಲು ಉತ್ಪಾದಕರೂ ಬೀದಿಗಿಳಿದಿದ್ದರು. ಆ ನವೆಂಬರ್‌ನಲ್ಲಿ ಭಾರತ ಹೊರಬಂತು. ಈಗಿನದು ಬೇರೆ. 2025ರ ಮಾರ್ಚ್‌ನಲ್ಲಿ ಮಾತುಕತೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯಿತೆಂದು ಎರಡೂ ದೇಶ ಘೋಷಿಸಿದವು. ಹಾಲು, ಚೀಸ್‌ನಂಥ ಮುಖ್ಯ ಹೈನು ಉತ್ಪನ್ನಗಳನ್ನು ಭಾರತ ಹೊರಗೇ ಇಟ್ಟಿದೆ. ಇಲ್ಲಿಂದ ಹೆಚ್ಚು ಹೋಗುವುದು ಸೇಬು, ಕಿವಿ ಹಣ್ಣು, ಉಣ್ಣೆ, ಮರ ಇತ್ಯಾದಿ. ಮಂಡ್ಯದ ಹೈನುಗಾರರಿಗೆ ಸದ್ಯಕ್ಕೆ ಆತಂಕ ಬೇಡ.

ಈಗ ಬರಬಹುದಾ, ಬೇಡವಾ?

ಕೈಯಲ್ಲಿ ಕೆಲಸದ ಪತ್ರ ಇದ್ದರೆ ಬನ್ನಿ. ಬಂದು ಹುಡುಕುತ್ತೇನೆ ಅನ್ನುವವರು ಸ್ವಲ್ಪ ತಡೆಯಿರಿ. 2025ರ ಸೆಪ್ಟೆಂಬರ್‌ನಲ್ಲಿ ನಿರುದ್ಯೋಗ ಶೇ 5.3 ಇತ್ತು, 2021ರ ಕೊನೆಯಲ್ಲಿ ಅದು ಶೇ 3.2. ಏಜೆಂಟರ ಮಾತು ನಂಬಿ ಹೊಲ ಅಡ ಇಟ್ಟು ಬರಬೇಡಿ. ಕೆಲಸ ಕೊಡುವ ಕಂಪನಿಗೆ ವಿದೇಶಿಯರನ್ನು ಕರೆಸಿಕೊಳ್ಳುವ ಮಾನ್ಯತೆ ಇದೆಯೇ ಎಂದು ಇಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅದು ಇಲ್ಲಿನ ಕಾನೂನಿಗೆ ವಿರುದ್ಧ. ಬರುವಾಗ ಮೂರು ತಿಂಗಳ ಬಾಡಿಗೆಯಷ್ಟಾದರೂ ಕೈಯಲ್ಲಿರಲಿ. ಜೊತೆಗೆ ದಪ್ಪನೆಯ ಸ್ವೆಟರ್ ತನ್ನಿ, ಹೊರಗೆ ಹಾಕಲು ಅಲ್ಲ, ಮನೆಯೊಳಗೆ.